ಬಾಡಿಗೆಗೆ ಪಾಲುದಾರಿಕೆಯೆಂಬ ಹೆಸರು

ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ: ಕಲಬುರಗಿ ಜಿಲ್ಲೆಯ ಈ ಭಾಗಕ್ಕೆ ನಿಸರ್ಗ ಧಾರಾಳವಾಗಿ ಕೊಟ್ಟ ಸಂಪತ್ತು ಎರಡು. ಒಂದು ನೆಲದಡಿಯ ಸುಣ್ಣಕಲ್ಲು, ಇನ್ನೊಂದು ನೆತ್ತಿಯ ಮೇಲಿನ ಬಿಸಿಲು. ಮೊದಲನೆಯದರ ಗತಿ ಏನಾಯಿತೆಂಬುದನ್ನು ಆ ಸೀಮೆಯ ಜನ ಮೂರು ತಲೆಮಾರುಗಳಿಂದ ಕಂಡಿದ್ದಾರೆ. ಎರಡನೆಯದರ ಗತಿ ಏನಾಗಬೇಕೆಂಬುದು ಇನ್ನೂ ನಿರ್ಧಾರವಾಗಬೇಕಾಗಿದೆ.

ಶಹಾಬಾದಿನ ಹಾಸುಗಲ್ಲು ದೇಶದ ಎಷ್ಟೋ ಮನೆಗಳ, ರೈಲು ನಿಲ್ದಾಣಗಳ ನೆಲವಾಯಿತು. ನಿಜಾಮರ ಆಳ್ವಿಕೆಯ ಕಾಲದಲ್ಲೇ ಅಲ್ಲಿ ಸಿಮೆಂಟ್ ತಯಾರಿಕೆ ಮೊದಲಾಯಿತು. 1968ರಲ್ಲಿ ವಾಡಿಗೆ ಕಾರ್ಖಾನೆ ಬಂದಿತು; ಅನಂತರ ಸೇಡಂ, ಮಳಖೇಡಗಳಿಗೂ ಬಂದಿತು. ಕವಿರಾಜಮಾರ್ಗ ಹುಟ್ಟಿದ ಮಾನ್ಯಖೇಟದ ಕೋಟೆಯ ಆಸುಪಾಸಿನಲ್ಲಿ ಇಂದು ಸಿಮೆಂಟಿನ ಚಿಮಣಿಗಳು ನಿಂತಿವೆ. ಕಾರ್ಖಾನೆಗಳು ಕೆಲವರಿಗೆ ಉದ್ಯೋಗ ಕೊಟ್ಟದ್ದು ನಿಜ. ಆದರೆ ಹೊಲ ಕೊಟ್ಟವನಿಗೆ ಹಣ ಬಂದದ್ದು ಒಂದೇ ಸಲ, ನೆಲದಡಿಯಿಂದ ಕಲ್ಲು ಹೋದದ್ದು ದಿನಾಲೂ. ಇಷ್ಟೆಲ್ಲ ಸಂಪತ್ತು ಹೊರಟ ಸೀಮೆಯ ತಾಂಡಾಗಳಿಂದ, ಕೇರಿಗಳಿಂದ ಜನ ಇಂದಿಗೂ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತಾರೆ. ನಾಡಿನ ಕಣ್ಣಿಗೆ ಬೆಣ್ಣೆ, ನೆಲದವರ ಕಣ್ಣಿಗೆ ಸುಣ್ಣ ಎಂಬ ಮಾತು ಇಲ್ಲಿ ಗಾದೆಯಾಗಿ ಉಳಿದಿಲ್ಲ, ಅಕ್ಷರಶಃ ನಡೆದುಹೋಗಿದೆ.

ಈಗ ಬಿಸಿಲಿನ ಸರದಿ. ಕರ್ನಾಟಕದ 2022–27ರ ನವೀಕರಿಸಬಹುದಾದ ಇಂಧನ ನೀತಿಯು ಹೊಸದಾಗಿ 10,000 ಮೆಗಾವಾಟ್ ಸಾಮರ್ಥ್ಯದ ಗುರಿ ಇಟ್ಟುಕೊಂಡಿದೆ. ಸಮತಟ್ಟಾದ ಒಣಭೂಮಿ, ವರ್ಷದ ಬಹುಕಾಲ ಮೋಡವಿಲ್ಲದ ಆಕಾಶ, ಚದರ ಮೀಟರಿಗೆ ದಿನವೊಂದಕ್ಕೆ ಸುಮಾರು 5ರಿಂದ 6 ಯೂನಿಟ್‌ನಷ್ಟು ಸೂರ್ಯಶಕ್ತಿ, ಕಾರ್ಖಾನೆಗಳಿಗಾಗಿ ಆಗಲೇ ಎಳೆದಿರುವ ವಿದ್ಯುತ್ ಮಾರ್ಗಗಳು, ರೈಲು ಜಂಕ್ಷನ್ ಎಲ್ಲವೂ ಇರುವ ಸೀಮೆಯ ಮೇಲೆ ಹೂಡಿಕೆದಾರರ ಕಣ್ಣು ಬೀಳದೆ ಇರದು. ಆ ಕಣ್ಣು ಬೀಳುವಾಗ ಅದರ ಜೊತೆಗೆ ಒಂದು ಸವಿಮಾತೂ ಬರುತ್ತದೆ: "ಸ್ಥಳೀಯ ಸಮುದಾಯ ಮತ್ತು ಭೂಮಾಲೀಕರ ಸಹಭಾಗಿತ್ವದಲ್ಲಿ ಸೌರ ಯೋಜನೆ." ಈ ಸಹಭಾಗಿತ್ವ ಎಂಬ ಪದದ ಒಳಗೆ ಏನಿದೆ, ಏನಿಲ್ಲ ಎಂಬುದನ್ನು ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲೇ ಬಿಚ್ಚಿ ನೋಡುವುದು ಅಗತ್ಯ.

ಮಲೆನಾಡಿಗೆ ಏಕೆ ಈ ಮಾತು?

ಬಯಲುಸೀಮೆಯ ಬಿಸಿಲಿಗೂ ಮಲೆನಾಡಿನ ಹಳ್ಳಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಎರಡು ಬಗೆಯದು.

ಕಾಳಿ, ಬೇಡ್ತಿ, ಶರಾವತಿ ಕಣಿವೆಗಳಲ್ಲಿ ಅಣೆಕಟ್ಟು ಬೇಡ ಎಂದಾಗ, ಕೈಗಾದಲ್ಲಿ ಅಣುಸ್ಥಾವರ ಬೇಡ ಎಂದಾಗ, "ಹಾಗಾದರೆ ಬದಲಿ ಏನು?" ಎಂಬ ಪ್ರಶ್ನೆಗೆ ಮಲೆನಾಡಿನ ಚಳವಳಿಗಳು ಕೊಟ್ಟ ಉತ್ತರಗಳಲ್ಲಿ ಸೂರ್ಯಶಕ್ತಿ ಮುಖ್ಯವಾದದ್ದು. ಬದಲಿ ಬೇಕೆಂದು ಕೇಳಿದವರಿಗೆ ಆ ಬದಲಿಯು ನ್ಯಾಯವಾಗಿ ಬರುವಂತೆ ನೋಡಿಕೊಳ್ಳುವ ಹೊಣೆಯೂ ಇದೆ. ಕಾಡು ಉಳಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟು, ವಾಡಿಯ ಕೂಲಿಯವನ ಹೊಟ್ಟೆಯತ್ತ ಕಣ್ಣು ಮುಚ್ಚಿದರೆ ಆ ಹೋರಾಟಕ್ಕೆ ಅರ್ಥ ಉಳಿಯದು.

ಎರಡನೆಯದು ಇನ್ನೂ ನೇರವಾದದ್ದು. ಸೂರ್ಯ ಸಂಜೆಗೆ ಮುಳುಗುತ್ತಾನೆ, ನಗರದ ವಿದ್ಯುತ್ ಬೇಡಿಕೆ ಸಂಜೆಗೆ ಏರುತ್ತದೆ. ಹಗಲಿನ ವಿದ್ಯುತ್ತನ್ನು ಕೂಡಿಡಬೇಕೆಂಬ ಕಾರಣ ನೀಡಿಯೇ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡಲಾಗಿದೆ. ಸಿಂಗಳೀಕಗಳ ಅಭಯಾರಣ್ಯದ ಒಡಲನ್ನು ಬಗೆಯುವ ಆ ಯೋಜನೆಯ ಬೇರು ಬಯಲಿನ ದೈತ್ಯ ಸೌರ ಪಾರ್ಕುಗಳಲ್ಲಿದೆ. ಬಯಲಿನಲ್ಲಿ ಉತ್ಪಾದನೆಯನ್ನು ಒಂದೇ ಕಡೆ ಗುಡ್ಡೆಹಾಕಿದಷ್ಟೂ ಅದನ್ನು ಹೊತ್ತೊಯ್ಯುವ ಮಾರ್ಗ, ಕೂಡಿಡುವ ಕಣಿವೆ ದೊಡ್ಡದಾಗುತ್ತಲೇ ಹೋಗುತ್ತವೆ. ಹಗಲಿನಲ್ಲಿಯೇ ಹಳ್ಳಿಯ ಪಂಪ್‌ಸೆಟ್ಟಿಗೆ, ಹಿಟ್ಟಿನ ಗಿರಣಿಗೆ, ತೊಗರಿಬೇಳೆಯ ಮಿಲ್ಲಿಗೆ ಹತ್ತಿರದ ಸಣ್ಣ ಸ್ಥಾವರದಿಂದ ವಿದ್ಯುತ್ ಹರಿದರೆ ಆ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ವಾಡಿಯಲ್ಲಿ ಸೌರಶಕ್ತಿ ಯಾವ ರೂಪ ತಾಳುತ್ತದೆಂಬುದು ಶರಾವತಿಯ ಕಣಿವೆಗೂ ತಟ್ಟುವ ಸಂಗತಿ.

ಪಾವಗಡ ಕಲಿಸಿದ ಪಾಠ

ಭೂಮಾಲೀಕರ ಸಹಭಾಗಿತ್ವಕ್ಕೆ ಕರ್ನಾಟಕದಲ್ಲಿ ಎಲ್ಲರೂ ತೋರಿಸುವ ಮಾದರಿ ತುಮಕೂರು ಜಿಲ್ಲೆಯ ಪಾವಗಡ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟ್‌ನ ಪಾರ್ಕ್ ನಿಂತಿದೆ. ರಾಜ್ಯದ ಮತ್ತು ಕೇಂದ್ರದ ಸಂಸ್ಥೆಗಳು ಸೇರಿ 2015ರಲ್ಲಿ ಕಟ್ಟಿದ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಇದನ್ನು ರೂಪಿಸಿತು. 2018ರ ಮಾರ್ಚ್ 1ರಂದು 'ಶಕ್ತಿಸ್ಥಳ' ಎಂಬ ಹೆಸರಿನಲ್ಲಿ ಉದ್ಘಾಟನೆಯಾಯಿತು. 2019ರ ಕೊನೆಯ ಹೊತ್ತಿಗೆ ಪೂರ್ಣ ಸಾಮರ್ಥ್ಯಕ್ಕೆ ಬಂದಿತು.

ಸಲ್ಲಬೇಕಾದ ಮೆಚ್ಚುಗೆ ಮೊದಲು ಸಲ್ಲಲಿ. ಪಾವಗಡದಲ್ಲಿ ಭೂಸ್ವಾಧೀನವಾಗಲಿಲ್ಲ. ರೈತರಿಂದ ಭೂಮಿಯನ್ನು 28 ವರ್ಷಗಳಿಗೆ ಗುತ್ತಿಗೆಗೆ ಪಡೆಯಲಾಯಿತು. ಪಹಣಿ ರೈತನ ಹೆಸರಿನಲ್ಲಿಯೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಬರದ ಮೇಲೆ ಬರ ಕಂಡು ಶೇಂಗಾ ಬೆಳೆಯೂ ಕೈಕೊಟ್ಟ ನಾಡಿನಲ್ಲಿ ಈ ಹಣ ಅನೇಕ ಮನೆಗಳ ಸಾಲ ತೀರಿಸಿತು. ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ.

ಆದರೆ ಸಾಲ ತೀರಿಸಿದ್ದು ಬಾಡಿಗೆ. ಬಾಡಿಗೆಗೆ ಪಾಲುದಾರಿಕೆ ಎಂದು ಹೆಸರಿಟ್ಟಿದ್ದು ತಪ್ಪು. ಲೆಕ್ಕ ಹಾಕಿ ನೋಡಬಹುದು. ಪಾವಗಡದಲ್ಲಿ ಒಂದು ಮೆಗಾವಾಟ್‌ಗೆ ಸರಾಸರಿ ಆರೂಕಾಲು ಎಕರೆ ಹಿಡಿದಿದೆ. ಒಂದು ಮೆಗಾವಾಟ್ ಸ್ಥಾವರ ವರ್ಷಕ್ಕೆ ಸುಮಾರು 16 ಲಕ್ಷ ಯೂನಿಟ್ ಉತ್ಪಾದಿಸಬಲ್ಲದು. ಯೂನಿಟ್ಟಿಗೆ 3 ರೂಪಾಯಿಯಂತೆ ಹಿಡಿದರೂ 48 ಲಕ್ಷ ರೂಪಾಯಿ ಆಯಿತು. ಅದೇ ನೆಲಕ್ಕೆ ಆರಂಭದ ಬಾಡಿಗೆ ಸುಮಾರು 1 ಲಕ್ಷ 33 ಸಾವಿರ. ನೂರು ರೂಪಾಯಿಯ ವಿದ್ಯುತ್ತಿನಲ್ಲಿ ನೆಲದೊಡೆಯನಿಗೆ ಮೂರು ರೂಪಾಯಿಗೂ ಕಡಿಮೆ! ಬಂಡವಾಳ, ಬಡ್ಡಿ, ನಿರ್ವಹಣೆಯ ವೆಚ್ಚ ಕಂಪನಿಯದೇ ಎಂಬುದು ನಿಜ. ಆದರೆ ಇಪ್ಪತ್ತೆಂಟು ವರ್ಷ ನೆಲ ಬಿಟ್ಟುಕೊಡುವುದೂ ಒಂದು ಬಂಡವಾಳವಲ್ಲವೇ?

ಇನ್ನು ಏರಿಕೆಯ ಮಾತು. ಎರಡು ವರ್ಷಕ್ಕೆ ಶೇ. 5ರಂತೆ ಏರಿದರೆ 21,000 ರೂಪಾಯಿ ಇಪ್ಪತ್ತೇಳನೆಯ ವರ್ಷದಲ್ಲಿ ಸುಮಾರು 39,600 ಆಗುತ್ತದೆ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ ಇಂದಿನ 21,000ಕ್ಕೆ ಸಮನಾಗಲು ಆ ಹೊತ್ತಿಗೆ ಸುಮಾರು 74,700 ರೂಪಾಯಿ ಬೇಕು. ಅಂಕಿ ಮೇಲೇರುತ್ತದೆ, ಕೊಳ್ಳುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಬಾಡಿಗೆಯ ಕಾಗದದಲ್ಲಿ ಅಜ್ಜ ಕಂಡ ಭಾಗ್ಯ ಮೊಮ್ಮಗನ ಕಾಲಕ್ಕೆ ಭಿಕ್ಷೆಯಾಗಿ ಪರಿಣಮಿಸುವುದು ಹೀಗೆ.

ಪಹಣಿ ಇಲ್ಲದವನ ಗತಿ

ಇದು ಭೂಮಿ ಉಳ್ಳವನ ಕಥೆ. ಭೂಮಿ ಇಲ್ಲದವನಿಗೆ ಪಾವಗಡ ಕೊಟ್ಟದ್ದೇನು? ಹೊಲದಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಬಿಡಿಸುತ್ತಿದ್ದ ದಲಿತ ಕೂಲಿಕಾರರಿಗೆ, ಅವರಲ್ಲಿಯೂ ಹೆಂಗಸರಿಗೆ ದುಡಿಮೆ ಹೋಯಿತು. ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಎದುರಾಯಿತು. ಸರ್ಕಾರಿ ಭೂಮಿಯನ್ನು ತಲೆಮಾರುಗಳಿಂದ ಉತ್ತು ಬಂದರೂ ಹಕ್ಕುಪತ್ರ ಇಲ್ಲದವರಿಗೆ ಬಾಡಿಗೆಯೂ ಇಲ್ಲ, ಹೊಲವೂ ಇಲ್ಲ. ಸ್ಥಾವರ ಕಟ್ಟುವಾಗ ಸಿಕ್ಕ ಕೂಲಿ ಕಟ್ಟಿ ಮುಗಿದ ಮೇಲೆ ನಿಂತಿತು. ಉಳಿದದ್ದು ಕಾವಲು, ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು. ಅವೂ ಎಲ್ಲರಿಗೆ ಸಾಲುವಷ್ಟಿಲ್ಲ. ಊರು ಎಂದರೆ ಪಹಣಿಯಲ್ಲಿ ಹೆಸರಿರುವವರು ಮಾತ್ರ ಎಂದು ಭಾವಿಸಿದ ಒಪ್ಪಂದ ಊರನ್ನೇ ಎರಡಾಗಿ ಸೀಳಿತು.

ವಾಡಿ ಸೀಮೆಯಲ್ಲಿ ಈ ಬಿರುಕು ಇನ್ನೂ ಆಳವಾಗಬಲ್ಲದು. ಅಲ್ಲಿ ತೊಗರಿಯೇ ಬದುಕು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಬಿತ್ತನೆ, ಕಳೆ, ಕೊಯ್ಲು, ರಾಶಿ ಎಂದು ತೊಗರಿಯ ಹೊಲ ಎಷ್ಟು ಕೈಗಳಿಗೆ ಕೆಲಸ ಕೊಡುತ್ತದೆಂಬುದನ್ನು ಯಾವ ಯೋಜನಾ ವರದಿಯೂ ಬರೆಯುವುದಿಲ್ಲ. ಗೈರಾಣ ಭೂಮಿಯನ್ನು ದಾಖಲೆಯಲ್ಲಿ 'ಬಂಜರು' ಎಂದು ಕರೆದರೂ ಅದು ದನ, ಕುರಿ, ಮೇಕೆಗಳ ಮೇವಿನ ನೆಲ. ಚಿಂಚೋಳಿಯ ಗುಡ್ಡಗಳಂತೂ ಬೇರೆಯೇ ಲೋಕ. 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಆ ಒಣಕಾಡಿನ ಅಂಚಿನ ಹುಲ್ಲುಗಾವಲನ್ನು ಖಾಲಿ ಜಾಗವೆಂದು ಎಣಿಸಿದರೆ ಅಲ್ಲಿನ ತಾಂಡಾಗಳೂ ತೋಳ, ನರಿಗಳೂ ಒಟ್ಟಿಗೆ ಲೆಕ್ಕದಿಂದ ಹೊರಗುಳಿಯುತ್ತವೆ.

ಈ ಲೆಕ್ಕ ತಪ್ಪದಂತೆ ಕಾಯಬೇಕಾದ ಕಾನೂನುಗಳ ಬಾಗಿಲಲ್ಲಿಯೂ ಬಿರುಕುಗಳಿವೆ. ಖಾಸಗಿ ಕಂಪನಿಗಾಗಿ ಸರ್ಕಾರ ಭೂಮಿ ವಶಪಡಿಸಿಕೊಂಡರೆ 2013ರ ಭೂಸ್ವಾಧೀನ ಕಾಯ್ದೆಯಂತೆ ಸಾಮಾಜಿಕ ಪರಿಣಾಮದ ಅಧ್ಯಯನವೂ ಬಾಧಿತ ಕುಟುಂಬಗಳಲ್ಲಿ ಶೇ. 80ರಷ್ಟರ ಒಪ್ಪಿಗೆಯೂ ಬೇಕು. ನೇರ ಗುತ್ತಿಗೆಗೆ ಅದಾವುದೂ ಬೇಕಿಲ್ಲ. ಸೌರ ಪಾರ್ಕುಗಳನ್ನು 2006ರ ಪರಿಸರ ಪರಿಣಾಮ ಅಧಿಸೂಚನೆಯ ಹೊರಗಿಡಲಾಗಿದೆ. ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಕರ್ನಾಟಕದಲ್ಲಿ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ತಡೆಯನ್ನು 2020ರ ತಿದ್ದುಪಡಿ ಕಿತ್ತುಹಾಕಿದೆ. ಹೀಗೆ ಊರು ಮಾತನಾಡಬೇಕಾದ ಕಡೆಯಲ್ಲೆಲ್ಲ ಊರನ್ನು ಮೌನವಾಗಿಸಿ, ಒಬ್ಬೊಬ್ಬ ರೈತನನ್ನೂ ಒಂಟಿಯಾಗಿ ಮೇಜಿನ ಮುಂದೆ ಕೂರಿಸುವುದಕ್ಕೆ ಸಹಭಾಗಿತ್ವ ಎನ್ನಲಾಗದು.

ಹಳ್ಳಿಗೆ ವಿದ್ಯುತ್ ನಡೆಸಲು ಬಾರದೇ?

ಇಲ್ಲಿ ಒಂದು ಆಕ್ಷೇಪ ಸಿದ್ಧವಾಗಿ ನಿಂತಿರುತ್ತದೆ. ಕೋಟಿಗಟ್ಟಲೆ ಬಂಡವಾಳ, ತಂತ್ರಜ್ಞಾನ, ವ್ಯವಹಾರ ಎಲ್ಲವೂ ಬೇಕಾದ ಕೆಲಸ ಹಳ್ಳಿಗರಿಂದ ಆಗುವಂಥದಲ್ಲ, ಬಾಡಿಗೆ ಪಡೆದು ಸುಮ್ಮನಿರುವುದೇ ಲೇಸು ಎಂಬ ಉಪದೇಶವದು.

ಬೆಳಗಾವಿ ಜಿಲ್ಲೆಯ ಹುಕ್ಕೇರಿ ಇದಕ್ಕೆ ಉತ್ತರ. ಅಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇಂದಿಗೂ ತಾಲೂಕಿಗೆ ವಿದ್ಯುತ್ ವಿತರಿಸುತ್ತಿದೆ. ಅದರ ಆಡಳಿತ ಮಂಡಳಿಯ ಚುನಾವಣೆ ರಾಜಕೀಯ ಜಿದ್ದಾಜಿದ್ದಿಯಾಗುವುದೂ ಉಂಟು. ಆದರೆ ವಿದ್ಯುತ್ ಸಂಸ್ಥೆಯನ್ನು ಮತ ಹಾಕಿ ಬದಲಿಸುವ ಅಧಿಕಾರ ಬಳಕೆದಾರನಿಗೆ ಬೇರೆಲ್ಲಿದೆ? 1905ರಲ್ಲಿಯೇ ಗದಗಿನ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ ನಾಡಿದು. ಬೆಳಗ್ಗೆ ಸಂಜೆ ಲೀಟರುಗಟ್ಟಲೆ ಹಾಲಳೆದು ಲೆಕ್ಕ ಇಡಬಲ್ಲ ಹೆಂಗಸರಿಗೆ ಮೀಟರಿನಲ್ಲಿ ಯೂನಿಟ್ ಓದುವುದು ಅಸಾಧ್ಯವೆನ್ನುವುದು ಅಹಂಕಾರದ ಮಾತು.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ 2016ರಲ್ಲಿ ಆರು ಮಂದಿ ರೈತರು ಸೌರ ಪಂಪುಗಳ ಸಹಕಾರ ಸಂಘ ಕಟ್ಟಿ, ನೀರಾವರಿಗೆ ಬಳಸಿ ಮಿಕ್ಕ ವಿದ್ಯುತ್ತನ್ನು ಸರ್ಕಾರಿ ವಿತರಣಾ ಸಂಸ್ಥೆಗೆ ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ ಮಾರುವ ಒಪ್ಪಂದ ಮಾಡಿಕೊಂಡರು. ನೀರನ್ನು ಸುಮ್ಮನೆ ಸುರಿಸುವುದಕ್ಕಿಂತ ವಿದ್ಯುತ್ತನ್ನು ಮಾರುವುದು ಲಾಭವಾದಾಗ ಅಂತರ್ಜಲಕ್ಕೂ ಉಸಿರಾಡಲು ಎಡೆ ಸಿಗುತ್ತದೆ. ಡೆನ್ಮಾರ್ಕಿನ 2008ರ ಕಾಯ್ದೆ ಹೊಸ ಗಾಳಿಯಂತ್ರ ಯೋಜನೆಗಳ ಶೇ. 20ರಷ್ಟು ಷೇರನ್ನು ನಾಲ್ಕೂವರೆ ಕಿಲೋಮೀಟರಿನೊಳಗಿನ ನಿವಾಸಿಗಳಿಗೆ ಮೊದಲು ನೀಡಬೇಕೆಂದು ವಿಧಿಸಿತ್ತು. 2020ರಲ್ಲಿ ಆ ನಿಯಮದ ಬದಲಿಗೆ ನೆರೆಹೊರೆಯವರಿಗೆ ವಾರ್ಷಿಕ ಬೋನಸ್ ಕೊಡುವ ಪದ್ಧತಿ ಬಂದಿತು. ಎರಡರಲ್ಲಿಯೂ ಒಪ್ಪಿಕೊಂಡ ತತ್ವ ಒಂದೇ: ಭೂಮಿಯ ಒಡೆಯನಷ್ಟೇ ಅಲ್ಲ, ಯೋಜನೆಯ ನೆರಳಿನಲ್ಲಿ ಬದುಕುವ ಪ್ರತಿಯೊಬ್ಬನೂ ಪಾಲಿಗೆ ಅರ್ಹ.

ನಮ್ಮ ದೇಶದಲ್ಲಿ ದಾರಿಯೇ ಇಲ್ಲವೆಂದಲ್ಲ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಮೊದಲನೆಯ ಭಾಗವು ಉಪಕೇಂದ್ರದಿಂದ ಐದು ಕಿಲೋಮೀಟರಿನೊಳಗೆ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಸ್ಥಾವರಗಳನ್ನು ರೈತರು, ರೈತರ ಗುಂಪುಗಳು, ಸಹಕಾರ ಸಂಘಗಳು, ಪಂಚಾಯಿತಿಗಳು ಕಟ್ಟಬಹುದೆಂದು ಹೇಳಿತು. ಬಂಡವಾಳ ಇಲ್ಲದವರು ಭೂಮಿಯನ್ನು ಕಂಪನಿಗೆ ಗುತ್ತಿಗೆ ಕೊಡಬಹುದು ಎಂಬ ವಾಕ್ಯವೂ ಅದರಲ್ಲಿತ್ತು. ಬಂಡವಾಳ ಇಲ್ಲದ ರೈತನೇ ಹೆಚ್ಚಿರುವ ನಾಡಿನಲ್ಲಿ ಹಿತ್ತಿಲ ಬಾಗಿಲೇ ಹೆಬ್ಬಾಗಿಲಾಗುವುದಕ್ಕೆ ಅಂಥ ಒಂದು ವಾಕ್ಯ ಸಾಕು. ಕರ್ನಾಟಕವು 2014ರ ಸೌರ ನೀತಿಯಡಿ ಭೂಮಾಲೀಕ ರೈತರಿಗೆ 1ರಿಂದ 3 ಮೆಗಾವಾಟ್‌ನ ಸ್ಥಾವರ ನೀಡಿ, ಯೂನಿಟ್ಟಿಗೆ 8 ರೂಪಾಯಿ 40 ಪೈಸೆಯ ಆಸೆ ತೋರಿಸಿದಾಗಲೂ ಕೊರತೆಯಾದದ್ದು ಬಂಡವಾಳವೇ. ಬಳಿಕ ವಿಳಂಬ ಮತ್ತು ದರ ಕಡಿತದ ವ್ಯಾಜ್ಯಗಳು ಸುಪ್ರೀಂ ಕೋರ್ಟಿನವರೆಗೂ ಹೋದವು. ರೈತನ ಹೆಸರಿನಲ್ಲಿ ಯೋಜನೆ ಬರೆದರೆ ಸಾಲದು; ರೈತನ ಕೈಗೆ ಬಂಡವಾಳವೂ ಸಿಗಬೇಕು.

ಬಂಡವಾಳ ಎಲ್ಲಿಂದ?

ವಾಡಿ ಸೀಮೆಗೆ ಈ ಪ್ರಶ್ನೆಯ ಉತ್ತರ ಕೈಯಳತೆಯಲ್ಲಿಯೇ ಇದೆ. ಸಂವಿಧಾನದ 371(ಜೆ) ವಿಧಿಯ ಫಲವಾಗಿ ಹುಟ್ಟಿದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024–25ರ ರಾಜ್ಯ ಬಜೆಟ್ಟು 5,000 ಕೋಟಿ ರೂಪಾಯಿ ಘೋಷಿಸಿತ್ತು. ಒಂದು ಮೆಗಾವಾಟ್ ಸ್ಥಾವರಕ್ಕೆ 4 ಕೋಟಿ ರೂಪಾಯಿ ಎಂದು ಹಿಡಿದರೆ, ಬ್ಯಾಂಕು ಸಾಲ ಕೊಡುವ ಮೊದಲು ಕೇಳುವ ಮೂಲ ಬಂಡವಾಳ ಸುಮಾರು 1 ಕೋಟಿ 20 ಲಕ್ಷ. ನೂರು ಹಳ್ಳಿಗಳಿಗೆ ಇದನ್ನು ಮಂಡಳಿಯೇ ಭರಿಸಿದರೆ 120 ಕೋಟಿ. ಒಂದು ವರ್ಷದ ಹಣದ ನೂರರಲ್ಲಿ ಎರಡೂವರೆ ಪಾಲೂ ಅಲ್ಲ. ಆ ಷೇರುಗಳನ್ನು ಊರಿನ ಎಲ್ಲ ಕುಟುಂಬಗಳ ಹೆಸರಿನಲ್ಲಿ, ಭೂಹೀನರಿಗೆ ಮೊದಲ ಆದ್ಯತೆಯಿಟ್ಟು ಬರೆಯಬೇಕು. ಸಿಮೆಂಟ್ ರಸ್ತೆಗೆ ಸುರಿಯಲು ಹಣ ಇರುವಾಗ ಸಿಮೆಂಟಿನ ನೆಲ ಕೊಟ್ಟವರನ್ನು ವಿದ್ಯುತ್ತಿನ ಒಡೆಯರನ್ನಾಗಿಸಲು ಇಲ್ಲವೆನ್ನುವುದು ನಂಬತಕ್ಕ ಮಾತಲ್ಲ.

ಊರಿನ ಸ್ಥಾವರ ಮೊದಲ ವರ್ಷದಿಂದಲೇ ಹೊನ್ನು ಕರೆಯುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಮೊದಲ ಹತ್ತು ಹನ್ನೆರಡು ವರ್ಷ ಆದಾಯದ ಬಹುಭಾಗ ಸಾಲಕ್ಕೆ ಹೋಗುತ್ತದೆ. ಆದರೆ ಫಲಕಗಳ ಆಯುಷ್ಯ ಇಪ್ಪತ್ತೈದು ವರ್ಷ. ಸಾಲ ತೀರಿದ ಮೇಲಿನ ವರ್ಷಗಳ ಬಿಸಿಲು ಯಾರದು ಎಂಬುದೇ ಇಡೀ ವಾದದ ತಿರುಳು. ಸ್ಥಾವರ ಕಂಪನಿಯದಾದರೆ ಅದು ಕಂಪನಿಯ ಲಾಭ. ಊರಿನದಾದರೆ ಊರಿನ ಶಾಲೆ, ಕೆರೆ, ಆಸ್ಪತ್ರೆ. ಬಾಡಿಗೆಯ ಒಪ್ಪಂದ ಆ ವರ್ಷಗಳನ್ನು ಮೊದಲ ದಿನವೇ ಬರೆದುಕೊಟ್ಟುಬಿಡುತ್ತದೆ.

ದೊಡ್ಡ ಕಂಪನಿಗಳೇ ಬರುವುದಾದರೆ, ಬರಲಿ. ಆದರೆ ಷರತ್ತುಗಳ ಮೇಲೆ ಬರಲಿ. ಗುತ್ತಿಗೆಯ ಕರಡು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಲ್ಪಡಬೇಕು. ರೈತರು ಒಂಟಿಯಾಗಿ ಅಲ್ಲ, ಸಂಘವಾಗಿ ಸಹಿ ಹಾಕಬೇಕು. ಬಾಡಿಗೆಯ ಏರಿಕೆ ಬೆಲೆಸೂಚ್ಯಂಕಕ್ಕೆ ಹೊಂದಿಕೊಳ್ಳಬೇಕು. ಅದರ ಮೇಲೆ ಮಾರಿದ ಪ್ರತಿ ಯೂನಿಟ್ಟಿನಲ್ಲಿಯೂ ಪಾಲು ಸಲ್ಲಬೇಕು. ಕೂಲಿ ಕಳೆದುಕೊಂಡ ಕುಟುಂಬಗಳಿಗೆ ಆ ಪಾಲಿನಲ್ಲಿ ಹಕ್ಕು ಇರಬೇಕು. ಸರ್ಕಾರಿ ಭೂಮಿ ಉಳುವವರ ಅರ್ಜಿಗಳು ಇತ್ಯರ್ಥವಾಗುವವರೆಗೆ ಆ ನೆಲದಲ್ಲಿ ಕಂಬ ನೆಡಬಾರದು. ಗೈರಾಣವನ್ನೂ ಚಿಂಚೋಳಿಯ ಕಾಡಂಚನ್ನೂ ಮುಟ್ಟಬಾರದು. ಕಲ್ಲು ತೆಗೆದು ಬರಿದಾದ ಗಣಿಗುಂಡಿಗಳ ಸುತ್ತಲ ಬಳಕೆಯಿಲ್ಲದ ನೆಲ, ಕಾರ್ಖಾನೆ ಮತ್ತು ಗೋದಾಮುಗಳ ಛಾವಣಿಗಳು ಮೊದಲು ಲೆಕ್ಕಕ್ಕೆ ಬರಲಿ. ಬೆಳೆ ತೆಗೆಯಬಹುದಾದ ಹೊಲದಲ್ಲಿ ಫಲಕಗಳನ್ನು ಎತ್ತರಿಸಿ, ಸಾಲುಗಳ ನಡುವೆ ಬೇಸಾಯಕ್ಕೂ ಮೇವಿಗೂ ಎಡೆ ಬಿಡಬೇಕು. ಆಯುಷ್ಯ ತೀರಿದ ಫಲಕಗಳನ್ನು ಕಿತ್ತೊಯ್ಯುವ ಖರ್ಚನ್ನು ಕಂಪನಿ ಮುಂಗಡ ಠೇವಣಿ ಇಡಬೇಕು. 2022ರ ಇ-ತ್ಯಾಜ್ಯ ನಿಯಮಗಳು ಸೌರಫಲಕಗಳನ್ನೂ ಒಳಗೊಂಡಿರುವಾಗ ಇದು ಅತಿಯಾದ ಬೇಡಿಕೆಯಲ್ಲ.

ಇಷ್ಟೆಲ್ಲ ಕೇಳಿದರೆ ಯೋಜನೆ ಬೇರೆ ಜಿಲ್ಲೆಗೆ ಹೋಗುತ್ತದೆ ಎಂದು ಹೆದರಿಸುವವರು ಬರುತ್ತಾರೆ. ಮಲೆನಾಡಿಗೆ ಈ ಬೆದರಿಕೆಯ ಪರಿಚಯವಿದೆ. ನಾಡಿನ ಬೆಳಕಿಗಾಗಿ ತ್ಯಾಗ ಮಾಡಿರೆಂದು ಹೇಳಿ ಲಿಂಗನಮಕ್ಕಿಯ ನೀರು 1964ರಲ್ಲಿ ಊರುಗಳನ್ನು ಮುಳುಗಿಸಿತು. ಅಂದು ಎತ್ತಂಗಡಿಯಾದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಹೋರಾಡುತ್ತಿದ್ದಾರೆ. ಹಿನ್ನೀರಿನಾಚೆಯ ಜನಕ್ಕೆ ಸಿಗಂದೂರಿನ ಸೇತುವೆ ದೊರೆತದ್ದು 2025ರ ಜುಲೈನಲ್ಲಿ, ಆರು ದಶಕಗಳ ಮೇಲೆ. ಅಂದು ಷರತ್ತು ಕೇಳದೆ ನಂಬಿದ್ದರ ಬೆಲೆ ಅದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೂ ಇರುವುದಿಲ್ಲ. ಕೇಳಬೇಕಾದದ್ದನ್ನು ದಡದಲ್ಲಿರುವಾಗಲೇ ಕೇಳಬೇಕು.

ವಾಡಿಯ ನೆಲದ ಕಲ್ಲು ಒಮ್ಮೆ ಹೋದರೆ ಮರಳಿ ಬಾರದು. ಬಿಸಿಲು ಹಾಗಲ್ಲ, ನಾಳೆಯೂ ಬರುತ್ತದೆ. ಆತುರಪಡಬೇಕಾದವರು ಬಿಸಿಲನ್ನು ಕೊಳ್ಳಬಂದವರೇ ಹೊರತು ಅದರ ಕೆಳಗೆ ಹುಟ್ಟಿ ಬೆಳೆದವರಲ್ಲ. ಸೇಡಮ್ಮಿನ ರೈತನೂ ಚಿಂಚೋಳಿಯ ತಾಂಡಾದ ಹೆಂಗಸೂ ಶಹಾಬಾದಿನ ಕಲ್ಲುಕುಟಿಗನೂ ಒಂದೇ ಗ್ರಾಮಸಭೆಯಲ್ಲಿ ಕುಳಿತು "ಬಾಡಿಗೆ ಎಷ್ಟು?" ಎಂಬ ಪ್ರಶ್ನೆಗೆ ಮುಂಚೆ "ಪಾಲು ಎಷ್ಟು?" ಎಂದು ಕೇಳಲಿ. ಶರಾವತಿಯ ದಂಡೆಯವರು ಆ ಪ್ರಶ್ನೆಗೆ ದನಿಗೂಡಿಸಲಿ.